ಮಲ್ಪೆಯ ದ್ವೀಪಕ್ಕೆ ಐವರು ಗೆಳೆಯರು

ನಾವು ಐವರು 1974ರಲ್ಲಿ ಒಂದೇ ಶಾಲೆಯಿಂದ ಎಸ್ಸೆಸ್ಸೆಲ್ಸಿ ಪಾಸಾದವರು. ಅಂದಿನಿಂದ ಇಂದಿನವರೆಗೆ ಮಂಜೇಶ್ವರದ ಆಸುಪಾಸಿನಲ್ಲೇ ಇದ್ದೇವೆ. ಒಬ್ಬರದು ಅಡಿಕೆ ವ್ಯಾಪಾರ, ಒಬ್ಬರದು ಜವಳಿ, ಒಬ್ಬರು ಬ್ಯಾಂಕಿನಿಂದ ನಿವೃತ್ತರು, ಒಬ್ಬರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಮಾಸ್ತರರು. ಇದನ್ನು ಬರೆಯುತ್ತಿರುವವರದು ಕಿರಾಣಿ ಅಂಗಡಿ. ಬ್ಯಾಂಕಿನವರನ್ನು ಬಿಟ್ಟು ಉಳಿದ ನಾಲ್ವರೂ ಜೈನರು. ಆದರೆ ನಮ್ಮೊಂದಿಗೆ ಐವತ್ತು ವರ್ಷ ತಿರುಗಿ ಅವರೂ ಈರುಳ್ಳಿ, ಬಟಾಟೆ ಬಿಟ್ಟ ಊಟಕ್ಕೆ ಒಗ್ಗಿಹೋಗಿದ್ದಾರೆ. ಇಲ್ಲಿ ಹೆಸರು ಬೇಡ, ಕಸುಬಿನಿಂದಲೇ ಕರೆಯುತ್ತೇವೆ.

ಹುಟ್ಟಿದ್ದು, ಬೆಳೆದದ್ದು, ವ್ಯಾಪಾರ ಮಾಡಿದ್ದು ಎಲ್ಲವೂ ಸಮುದ್ರದ ದಡದಲ್ಲಿ. ರಾತ್ರಿ ಮಲಗಿದರೆ ಅಲೆಯ ಸದ್ದು ಕೇಳುತ್ತದೆ. ಆದರೂ ನಮ್ಮಲ್ಲಿ ಒಬ್ಬರೂ ಒಮ್ಮೆಯೂ ಸಮುದ್ರದ ಮೇಲೆ ಹೋದವರಲ್ಲ. ಕಳೆದ ದೀಪಾವಳಿಯ ಹೊತ್ತಿಗೆ ಅಂಗಡಿಯ ಜಗಲಿಯಲ್ಲಿ ಕುಳಿತು ಮಾತಾಡುವಾಗ ಈ ವಿಷಯ ಬಂತು. "ಎಪ್ಪತ್ತು ಆಗುವ ಮೊದಲು ಒಮ್ಮೆ ದೋಣಿ ಹತ್ತಬೇಕು ಮಾರಾಯ" ಎಂದರು ಅಡಿಕೆಯವರು. ಉಡುಪಿ ಹತ್ತಿರದ ಮಲ್ಪೆಯಿಂದ ಸಂತ ಮೇರಿ ದ್ವೀಪಕ್ಕೆ ಹೋಗುವುದೆಂದು ನಿಶ್ಚಯವಾಯಿತು. ಅಷ್ಟಕ್ಕೆ ಬಿಟ್ಟಿದ್ದರೆ ಒಳ್ಳೆಯದಿತ್ತು. ಅಷ್ಟು ದೂರ ಹೋದ ಮೇಲೆ ಸಂಜೆಗೆ ವರಂಗದ ಕೆರೆ ಬಸದಿಯನ್ನೂ ನೋಡಿ ಬರೋಣ, ಬೆಳಿಗ್ಗೆ ಕಡಲಿನ ದೋಣಿ, ಸಂಜೆ ಕೆರೆಯ ದೋಣಿ ಎಂದು ಸೇರಿಸಿದವರು ನಾವೇ, ಅಂದರೆ ಈ ಬರೆಯುವವರೇ. ಒಂದೇ ಬಾಡಿಗೆಯಲ್ಲಿ ಎರಡು ಕೆಲಸ ಮುಗಿಸುವ ಅಂಗಡಿಯವನ ಬುದ್ಧಿ.

2025ರ ಜನವರಿ, ಸಂಕ್ರಮಣ ಕಳೆದ ವಾರ. ಬೆಳಿಗ್ಗೆ ಬಸದಿಯಲ್ಲಿ ದರ್ಶನ ಮಾಡಿ ಆರು ಗಂಟೆಗೆ ಬಾಡಿಗೆಯ ವ್ಯಾನಿನಲ್ಲಿ ಹೊರಟೆವು. ವ್ಯಾನು ನಡೆಸುವವನು ನಮ್ಮೂರಿನವನೇ, ಬ್ಯಾರಿ ಹುಡುಗ, ಇಪ್ಪತ್ತೈದು ದಾಟಿಲ್ಲ. ಜವಳಿಯವರ ಮನೆಯಿಂದ ಕೊಟ್ಟೆ ಕಡುಬು, ಕಾಯಿ ಚಟ್ನಿ, ಅಡಿಕೆಯವರ ಮನೆಯಿಂದ ಮೊಸರನ್ನ, ನಮ್ಮಲ್ಲಿಂದ ಅವಲಕ್ಕಿ, ಒಂದು ಗೊನೆ ಬಾಳೆಹಣ್ಣು. ಸೋಸಿ ಕುದಿಸಿ ಆರಿಸಿದ ನೀರು ಎರಡು ದೊಡ್ಡ ಸ್ಟೀಲ್ ಕ್ಯಾನುಗಳಲ್ಲಿ. ಹೊರಡುವಾಗ ಜವಳಿಯವರ ಮನೆಯವರು ಚಾಲಕ ಹುಡುಗನನ್ನು ಕರೆದು ಏನೋ ಹೇಳುತ್ತಿದ್ದದ್ದು ಕಂಡಿತು. ನಿಧಾನ ಓಡಿಸು ಎಂದು ಹೇಳುತ್ತಿದ್ದಾರೆಂದು ತಿಳಿದೆವು.

ಜವಳಿಯವರ ಬಗ್ಗೆ ಇಲ್ಲಿ ಎರಡು ಮಾತು ಹೇಳಬೇಕು. ಅವರಿಗೆ ಹದಿನೈದು ವರ್ಷದಿಂದ ಸಿಹಿಮೂತ್ರ. ಬೆಳಿಗ್ಗೆ, ಸಂಜೆ ಊಟಕ್ಕೆ ಮೊದಲು ಗುಳಿಗೆ ತೆಗೆದುಕೊಳ್ಳುತ್ತಾರೆ. ಅದಕ್ಕಿಂತ ಹಳೆಯದು ಅವರ ರಾತ್ರಿಭೋಜನ ತ್ಯಾಗ. ನಮಗೂ ಆ ನಿಯಮ ಉಂಟು, ಆದರೆ ನಮ್ಮದು ಮದುವೆಮನೆಯಲ್ಲಿ, ದೂರ ಪ್ರಯಾಣದಲ್ಲಿ ಅಷ್ಟಿಷ್ಟು ಸಡಿಲವಾಗುವ ನಿಯಮ. ಅವರದು ಹಾಗಲ್ಲ. ನಲವತ್ತು ವರ್ಷದ ಹಿಂದೆ ತಂದೆ ತೀರಿಕೊಂಡ ವರ್ಷ ಮುನಿಗಳ ಎದುರು ಕೈಮುಗಿದು ತೆಗೆದುಕೊಂಡ ವ್ರತ. ಖಾದ್ಯ, ಸ್ವಾದ್ಯ, ಲೇಹ್ಯ, ಪೇಯ ನಾಲ್ಕೂ ಇಲ್ಲ, ನೀರೂ ಇಲ್ಲ. ಸೂರ್ಯ ಮುಳುಗಲು ಎರಡು ಗಳಿಗೆ, ಅಂದರೆ 48 ನಿಮಿಷ ಇರುವಾಗಲೇ ಅವರ ಊಟ ಮುಗಿಯುತ್ತದೆ. ಅಂಗಡಿಯಲ್ಲಿ ಗಿರಾಕಿ ಎಷ್ಟೇ ಇರಲಿ, ಐದೂವರೆಗೆ ಎದ್ದು ಮನೆಗೆ ಹೋಗುವುದನ್ನು ಇಡೀ ಪೇಟೆ ನೋಡಿದೆ.

ತಲಪಾಡಿಯ ಗಡಿ ದಾಟಿ, ಮಂಗಳೂರು, ಸುರತ್ಕಲ್ ಕಳೆದು, ಮುಲ್ಕಿಯ ಹತ್ತಿರ ಬಿಸಿಲು ಬಂದ ಮೇಲೆ ವ್ಯಾನು ನಿಲ್ಲಿಸಿ ಕಡುಬು ತಿಂದೆವು. ಹಲಸಿನೆಲೆಯ ಕೊಟ್ಟೆ ಬಿಚ್ಚುವಾಗ ಬರುವ ಪರಿಮಳಕ್ಕೆ ಯಾವ ಹೋಟೆಲೂ ಸಮವಲ್ಲ. ಮಲ್ಪೆ ತಲಪುವಾಗ ಒಂಬತ್ತೂಕಾಲು.

ಮಲ್ಪೆ ಕರ್ನಾಟಕದ ದೊಡ್ಡ ಮೀನುಗಾರಿಕೆಯ ಬಂದರುಗಳಲ್ಲಿ ಒಂದು. ಮೀನಿನ ಬುಟ್ಟಿಗಳ ಮಧ್ಯೆ ನಡೆಯುವುದು ನಮ್ಮಂಥವರಿಗೆ ಕಷ್ಟವೇ. ಮಾಸ್ತರರು ಮೂಗಿಗೆ ಶಾಲು ಹಿಡಿದಾಗ ಅಲ್ಲಿ ಬಲೆ ರಿಪೇರಿ ಮಾಡುತ್ತಿದ್ದ ಮುದುಕರೊಬ್ಬರು ನೋಡಿ ನಕ್ಕರು, ಸಿಟ್ಟು ಮಾಡಲಿಲ್ಲ. "ಬಸದಿಯವರಾ?" ಎಂದು ತುಳುವಿನಲ್ಲಿ ಕೇಳಿದರು. ಹೇಗೆ ತಿಳಿಯಿತೋ! ಮಾಸ್ತರರು ನಾಚಿ ಶಾಲು ಇಳಿಸಿದರು. ಆಮೇಲೆ ಆ ಮುದುಕರೊಡನೆ ಮಾತಿಗೆ ಕುಳಿತೆವು, ಹೇಗೂ ದೋಣಿ ಹೊರಡಲು ತಡ ಇತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಅದು ಮೀನು ಮರಿ ಹಾಕುವ ಕಾಲ ಎಂದು ಅವರು ವಿವರಿಸಿದರು. ಮಳೆಗಾಲದಲ್ಲಿ ದ್ವೀಪದ ದೋಣಿಯೂ ಇಲ್ಲ. ಮಳೆಗಾಲದಲ್ಲಿ ಜೀವಜಂತು ಹೆಚ್ಚೆಂದು ನಮ್ಮ ಮುನಿಗಳು ಚಾತುರ್ಮಾಸದಲ್ಲಿ ವಿಹಾರ ನಿಲ್ಲಿಸುತ್ತಾರೆ, ಮಳೆಗಾಲದಲ್ಲೇ ಇವರ ಬಲೆಯೂ ಒಣಗುತ್ತದೆ. ಜವಳಿಯವರು ಇದನ್ನು ಕೇಳಿ, "ಎರಡು ತಿಂಗಳಾದರೂ ಆಯಿತಲ್ಲ" ಎಂದಷ್ಟೇ ಹೇಳಿದರು.

ದೋಣಿಗೆ ಬೇಕಾದಷ್ಟು ಜನ ಸೇರುವವರೆಗೆ ಹೊರಡುವುದಿಲ್ಲ. ನಾವು ಕಾದು ಕಾದು ಹತ್ತೂವರೆಗೆ ಹತ್ತಿದೆವು. ದಡದಿಂದ ದ್ವೀಪಕ್ಕೆ ಸುಮಾರು ಆರು ಕಿಲೋಮೀಟರು. ದೋಣಿ ಬಂದರಿನ ಬಾಯಿ ದಾಟಿ ತೆರೆದ ಕಡಲಿಗೆ ಬಿದ್ದದ್ದೇ ತಡ, ಏಳುವುದು ಬೀಳುವುದು ಶುರುವಾಯಿತು. ಅಡಿಕೆಯವರು ಕಣ್ಣು ಮುಚ್ಚಿ ಣಮೋಕಾರ ಹೇಳುತ್ತಿದ್ದರು, ತುಟಿ ಮಾತ್ರ ಕಾಣುತ್ತಿತ್ತು. ಒಂದು ದ್ವೀಪದ ಗೆರೆ ಕಂಡಿತು. ಅದು ದರಿಯಾ ಬಹಾದ್ದೂರ್ ಗಡ, ಬಿದನೂರಿನ ಅರಸರ ಕೋಟೆ ಇದ್ದದ್ದು. ಇಲ್ಲಿ ಮುಖ್ಯವಾಗಿ ನಾಲ್ಕು ದ್ವೀಪಗಳಿವೆ, ಜನರನ್ನು ಕರೆದೊಯ್ಯುವುದು ತೆಂಗಿನ ಮರಗಳಿರುವ ಒಂದಕ್ಕೆ. ಹತ್ತಿರ ಹೋದಂತೆ ನೀರು ಆಳವಿಲ್ಲ, ದೊಡ್ಡ ದೋಣಿಯಿಂದ ಚಿಕ್ಕ ದೋಣಿಗೆ ಇಳಿಯಬೇಕಾಯಿತು. ಮಂಡಿನೋವಿನ ನಾವು ನಿಂತೇ ಬಿಟ್ಟೆವು. ದೋಣಿಯ ಹುಡುಗ ಒಬ್ಬನು "ಅಜ್ಜ, ಕೈ ಕೊಡಿ" ಎಂದು ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ಅಕ್ಕಿಮೂಟೆ ಇಳಿಸಿದಂತೆ ಇಳಿಸಿದ.

ದ್ವೀಪ ದೊಡ್ಡದಲ್ಲ. ಅರ್ಧ ಕಿಲೋಮೀಟರು ಉದ್ದ, ನೂರು ಮೀಟರು ಅಗಲ ಇದ್ದೀತು. ಮರಳಿನ ದಡ ಕಡಿಮೆ, ಕಪ್ಪೆಚಿಪ್ಪಿನ ದಡವೇ ಹೆಚ್ಚು, ಬಿಸಿಲಿಗೆ ಕಣ್ಣು ಕೋರೈಸುತ್ತದೆ. ಚಿಪ್ಪುಗಳಲ್ಲಿ ಇನ್ನೂ ಜೀವ ಇದ್ದರೆ ಎಂದು ಜವಳಿಯವರು ನೋಡಿ ನೋಡಿ ಹೆಜ್ಜೆ ಇಟ್ಟರು, ಅದರಿಂದ ನಮ್ಮ ನಡಿಗೆಯೂ ನಿಧಾನವಾಯಿತು. ಮೊಮ್ಮಕ್ಕಳಿಗೆ ಚಿಪ್ಪು ಒಯ್ಯಬೇಕೆಂದು ಬ್ಯಾಂಕಿನವರು ಎರಡು ಆರಿಸಿಕೊಂಡವರು, ಒಂದರೊಳಗೆ ಸಣ್ಣ ಏಡಿ ಕಾಲು ಚಾಚಿದ್ದನ್ನು ಕಂಡು ಎರಡನ್ನೂ ನೀರಿನ ಅಂಚಿನಲ್ಲಿ ಇಟ್ಟು ಬಂದರು.

ಆದರೆ ನೋಡಬೇಕಾದದ್ದು ಅಲ್ಲಿಯ ಕಲ್ಲು. ಯಾರೋ ಶಿಲ್ಪಿಗಳು ಬಸದಿ ಕಟ್ಟಲೆಂದು ಕಡೆದು ತಂದು ಒಟ್ಟಿದ ಕಂಬಗಳಂತೆ ಸಾಲಾಗಿ ನಿಂತಿವೆ. ಹೆಚ್ಚಿನವಕ್ಕೆ ಆರು ಮುಖ, ಕೆಲವಕ್ಕೆ ಐದು, ಏಳು. ಕೆಲವು ನೆಟ್ಟಗೆ, ಕೆಲವು ಮಲಗಿದಂತೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನು ನೋಡಿದ ನಮಗೆ ಮೊದಲು ನೆನಪಾದದ್ದು ಅದೇ. ಉಳಿ ಮುಟ್ಟದ ಕಂಬ ಎಂದರೆ ನಂಬಿಕೆ ಬರುವುದಿಲ್ಲ. ಮಾಸ್ತರರು ತಮ್ಮ ಹಳೆಯ ದನಿಯಲ್ಲಿ ಪಾಠ ಶುರುಮಾಡಿದರು. ಭೂಮಿಯ ಒಳಗಿನಿಂದ ಉಕ್ಕಿದ ಕರಗಿದ ಕಲ್ಲು ತಣಿಯುವಾಗ ಕುಗ್ಗುತ್ತದೆ, ಕುಗ್ಗುವಾಗ ಬಿರುಕು ಬಿಡುತ್ತದೆ. ಬೇಸಗೆಯಲ್ಲಿ ಒಣಗಿದ ಗದ್ದೆಯ ಕೆಸರು ಬಿರಿಯುವುದಿಲ್ಲವೇ, ಹಾಗೆಯೇ. ಮೇಲಿನ ಬಿರುಕು ಕೆಳಗೆ ಇಳಿಯುತ್ತಾ ಹೋಗಿ ಕಂಬಗಳಾಗುತ್ತವೆ. ಇದಾದದ್ದು ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ. ಆಗ ಆಫ್ರಿಕದ ಬಳಿ ಇರುವ ಮಡಗಾಸ್ಕರ್ ದ್ವೀಪ ನಮ್ಮ ಕರಾವಳಿಗೆ ಅಂಟಿಕೊಂಡಿತ್ತು, ಅದು ಬೇರೆಯಾಗುವ ಕಾಲದ ಬೆಂಕಿ ಇದು, ಅಲ್ಲಿಯೂ ಇದೇ ವಯಸ್ಸಿನ ಕಲ್ಲು ಸಿಗುತ್ತದೆ ಎಂದರು. ಕರ್ನಾಟಕದಲ್ಲಿ ಭೂವಿಜ್ಞಾನದ ರಾಷ್ಟ್ರೀಯ ಸ್ಮಾರಕಗಳೆಂದು ಗುರುತಿಸಿದ ನಾಲ್ಕು ಜಾಗಗಳಲ್ಲಿ ಇದು ಒಂದು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಇನ್ನೊಂದು.

"ಎಂಟು ಕೋಟಿ!" ಎಂದು ಅಡಿಕೆಯವರು ಬಾಯಿ ತೆರೆದರು. ಜವಳಿಯವರು ಶಾಂತವಾಗಿ, "ಅದೇನು ಮಹಾ? ಹತ್ತು ಕೋಡಾಕೋಡಿ ಪಲ್ಯೋಪಮಕ್ಕೆ ಒಂದು ಸಾಗರೋಪಮ. ಪಲ್ಯವೇ ಎಣಿಕೆಗೆ ಸಿಗದ್ದು" ಎಂದರು. ಆಮೇಲೆ ಜಂಬೂದ್ವೀಪಕ್ಕೆ ಹೋಯಿತು ಮಾತು. ತತ್ತ್ವಾರ್ಥಸೂತ್ರದ ಮೂರನೆಯ ಅಧ್ಯಾಯದಲ್ಲಿ ಜಂಬೂದ್ವೀಪದ ವಿಸ್ತಾರ ಒಂದು ಲಕ್ಷ ಯೋಜನ, ಅದನ್ನು ಸುತ್ತಿದ ಲವಣಸಮುದ್ರ ಅದರ ಎರಡು ಪಾಲು. ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದ್ದು. ಬ್ಯಾಂಕಿನವರು, "ಹಾಗಾದರೆ ಈ ದ್ವೀಪ ಯಾವ ಲೆಕ್ಕಕ್ಕೆ?" ಎಂದು ಕೇಳಿದರು. "ಚಿಲ್ಲರೆ ಲೆಕ್ಕಕ್ಕೆ" ಎಂದೆವು. ನಕ್ಕೆವು. ಸುತ್ತ ಉಪ್ಪುನೀರು, ನಡುವೆ ಕಲ್ಲಿನ ಮೇಲೆ ಐವರು ಮುದುಕರು.

ಹೆಸರಿನ ಬಗ್ಗೆಯೂ ಹೇಳಬೇಕು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಮರಿಯಮ್ಮನ ಹೆಸರಿಟ್ಟನೆಂದು ಪ್ರತೀತಿ. ಊರವರಿಗೆ ಇದು ತೋನ್ಸೆಪಾರ್.

ಈಗ ಅಲ್ಲಿ ನೋಡಿದ ಬೇಸರದ ಸಂಗತಿ. ಬರುವ ಯುವಕರಲ್ಲಿ ಕಲ್ಲನ್ನು ನೋಡುವವರು ಕಡಿಮೆ, ಕಲ್ಲಿನ ಮುಂದೆ ತಮ್ಮನ್ನು ನೋಡಿಕೊಳ್ಳುವವರೇ ಹೆಚ್ಚು. ಪಾಚಿ ಹಿಡಿದ ಬಂಡೆಯ ತುದಿಗೆ ಹೋಗಿ ಮೊಬೈಲು ಎತ್ತುತ್ತಾರೆ. 2022ರ ಏಪ್ರಿಲಿನಲ್ಲಿ ನಮ್ಮ ಕೇರಳದಿಂದ ಪ್ರವಾಸ ಬಂದಿದ್ದ ಕಾಲೇಜು ವಿದ್ಯಾರ್ಥಿಗಳಲ್ಲಿ ಮೂವರು ಇಲ್ಲಿಯೇ ನೀರುಪಾಲಾದರು. ಜೀವರಕ್ಷಕರು ಸೀಟಿ ಊದಿ ಊದಿ ಸಾಕಾಗುತ್ತಾರೆ. ಮಕ್ಕಳನ್ನು ಕರೆದೊಯ್ಯುವ ಶ್ರಾವಕ ಬಂಧುಗಳು ದಯವಿಟ್ಟು ಸೀಟಿಗೆ ಬೆಲೆ ಕೊಡಬೇಕು. ನೀರಿಗಿಳಿಯಲು ಗುರುತು ಮಾಡಿದ ಜಾಗ ಬಿಟ್ಟು ಬೇರೆಲ್ಲೂ ಇಳಿಯಬಾರದು.

ಒಂದೂವರೆಗೆ ಹಿಂದಿರುಗುವುದೆಂದು ಲೆಕ್ಕ. ಆದರೆ ಅಂದು ಜನ ವಿಪರೀತ. ಹಿಂದಿರುಗುವ ದೋಣಿಗೆ ಸಾಲು ಹಾವಿನಂತೆ ಬೆಳೆದಿತ್ತು. ತೆಂಗಿನ ನೆರಳು ಬೇರೆಯವರ ಪಾಲಾಗಿ, ನಾವು ಬಿಸಿಲಲ್ಲೇ ನಿಂತೆವು. ದೋಣಿ ಸಿಕ್ಕಿದ್ದು ಎರಡೂ ಮುಕ್ಕಾಲಿಗೆ. ಮಧ್ಯಾಹ್ನದ ಗಾಳಿಗೆ ಕಡಲು ಬೆಳಗಿಗಿಂತ ಹೆಚ್ಚು ಎದ್ದಿತ್ತು. ಜವಳಿಯವರಿಗೆ ತಲೆ ತಿರುಗಿ ವಾಂತಿಯಾಯಿತು. ದಡಕ್ಕೆ ಬಂದು ವ್ಯಾನಿನ ಪಕ್ಕ ಕುಳಿತು ಉಣ್ಣುವಾಗ ಮೂರೂವರೆ. ಉಳಿದವರು ಹಸಿವಿನಿಂದ ಮೊಸರನ್ನ ಬಾಚಿ ಉಂಡೆವು. ಅವರು ಎರಡು ತುತ್ತು ತಿಂದು, "ಹೊಟ್ಟೆ ಸರಿ ಇಲ್ಲ, ಸಂಜೆ ವರಂಗದಲ್ಲಿ ಉಣ್ಣುತ್ತೇನೆ" ಎಂದು ಕೈತೊಳೆದರು. ಆ ಹೊತ್ತಿಗೆ ವರಂಗ ಬೇಡ, ನೇರ ಮನೆಗೆ ಹೋಗೋಣ ಎಂದು ಹೇಳಬೇಕಾಗಿದ್ದವರು ನಾವು. ಗಡಿಯಾರ ನೋಡಿದೆವು, ಐದೂವರೆಗೆ ಮುಟ್ಟಬಹುದು ಎಂದು ಲೆಕ್ಕ ಹಾಕಿದೆವು, ಹೊರಟೆವು.

ಮಣಿಪಾಲ, ಹಿರಿಯಡ್ಕ, ಹೆಬ್ರಿ ದಾರಿ. ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು, ಒಂದು ಕಡೆ ಅರ್ಧ ಗಂಟೆ ನಿಂತೇ ಇದ್ದೆವು. ಐದೂಕಾಲಕ್ಕೆ ಜವಳಿಯವರು ಅಭ್ಯಾಸದಂತೆ ಗುಳಿಗೆ ನುಂಗಿ ನೀರು ಕುಡಿದರು. ಇನ್ನು ಕಾಲು ಗಂಟೆಯಲ್ಲಿ ಊಟ ಎಂಬ ಧೈರ್ಯ. ವ್ಯಾನಿನಲ್ಲೇ ಉಣ್ಣಿ ಎಂದೆವು. ತೀರ್ಥದ ದಾರಿಯಲ್ಲಿ ಅಲುಗಾಡುತ್ತಾ ಉಣ್ಣುವುದಿಲ್ಲ ಎಂದರು. ವರಂಗ ಮುಟ್ಟುವಾಗ ಆರು ಆಗಲು ಐದು ನಿಮಿಷ. ನೋಡಿ, ಅವರ ಎರಡು ಗಳಿಗೆಯ ಗಡಿ ಆಗಲೇ ದಾಟಿತ್ತು. ಅವರು ಚೀಲವನ್ನು ಮುಟ್ಟಲಿಲ್ಲ. "ಇವತ್ತು ಉಪವಾಸ ಎಂದುಕೊಳ್ಳುತ್ತೇನೆ, ದರ್ಶನ ಮಾಡೋಣ" ಎಂದರು. ಗುಳಿಗೆ ಹೊಟ್ಟೆಯೊಳಗೆ ಇದೆ ಎಂಬುದು ಆ ಗಡಿಬಿಡಿಯಲ್ಲಿ ಯಾರ ತಲೆಗೂ ಬರಲಿಲ್ಲ. ವಿಜ್ಞಾನದ ಮಾಸ್ತರರಿಗೂ ಬರಲಿಲ್ಲ.

ವರಂಗವನ್ನು ನೋಡಿದವರಿಗೆ ಹೇಳಬೇಕಾಗಿಲ್ಲ, ನೋಡದವರಿಗೆ ಹೇಳಿದರೆ ಸಾಲದು. ಹೊಂಬುಜ ಮಠಕ್ಕೆ ಸೇರಿದ ಕ್ಷೇತ್ರ. ದಡದಲ್ಲಿ ನೇಮಿನಾಥ ಸ್ವಾಮಿಯ ಹಿರಿಯ ಬಸದಿ, ಕೆರೆಯ ನಡುವೆ ನಾಲ್ಕೂ ದಿಕ್ಕಿಗೆ ಬಾಗಿಲಿರುವ ಚತುರ್ಮುಖ ಬಸದಿ. ಹಿಂದೆ ಘಟ್ಟದ ಸಾಲು, ನೀರಿನಲ್ಲಿ ತಾವರೆ ಎಲೆ. ದೋಣಿಯವರು ಕತ್ತಲಾಗುತ್ತದೆಂದು ಮೊದಲು ಒಪ್ಪಲಿಲ್ಲ, ದೂರದಿಂದ ಬಂದವರೆಂದು ಆಮೇಲೆ ಒಪ್ಪಿದರು. ಬೆಳಗಿನ ಕಡಲಿನ ದೋಣಿಯ ಅಬ್ಬರದ ಮುಂದೆ ಇದು ತೊಟ್ಟಿಲು. ಹುಟ್ಟು ನೀರಿಗೆ ಬೀಳುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಪಾರ್ಶ್ವನಾಥ ಸ್ವಾಮಿಯ ಮುಂದೆ, ಪದ್ಮಾವತಿ ಅಮ್ಮನ ಮುಂದೆ ನಿಂತೆವು. ದೀಪದ ಬೆಳಕು ಮಾತ್ರ. ಸೂರ್ಯ ಮುಳುಗಿದ್ದು ಒಳಗಿರುವಾಗಲೇ.

ಹಿಂದಿರುಗುವ ದೋಣಿಯಲ್ಲಿ ಜವಳಿಯವರು ನಮ್ಮ ಪಕ್ಕ ಕುಳಿತಿದ್ದರು. ಅವರ ಭುಜ ನಡುಗುವುದು ತಾಗಿತು. ಚಳಿಯೇ ಎಂದು ಕೇಳಿದರೆ ಉತ್ತರ ಇಲ್ಲ. ಕೈ ಹಿಡಿದರೆ ಅಂಗೈ ಬೆವರಿನಲ್ಲಿ ತೊಯ್ದಿತ್ತು. ಸ್ವಲ್ಪ ಹೊತ್ತಿನಲ್ಲಿ, "ಅಂಗಡಿಯ ಬಾಗಿಲು ಹಾಕಿದ್ದೀರಾ?" ಎಂದು ಕೇಳಿದರು, ಮತ್ತೆ ಅದನ್ನೇ ಕೇಳಿದರು. ಆಗ ಮಾಸ್ತರರಿಗೆ ಹೊಳೆಯಿತು. "ಸಕ್ಕರೆ ಇಳಿದಿದೆ!" ಎಂದು ಕೂಗಿದರು. ನಡುನೀರಿನಲ್ಲಿ ನಮ್ಮ ಬಳಿ ಏನೂ ಇಲ್ಲ. ಚೀಲವೆಲ್ಲ ವ್ಯಾನಿನಲ್ಲಿ. ಆ ಕೆರೆ ದೊಡ್ಡದಲ್ಲ, ಆದರೆ ದಡ ಬರುವವರೆಗೆ ಆದ ಹೊತ್ತನ್ನು ಯಾವ ಪಲ್ಯದಿಂದ ಅಳೆಯುವುದೋ ತಿಳಿಯದು.

ದಡದಲ್ಲಿ ವ್ಯಾನಿನ ಹುಡುಗ ಓಡಿಬಂದ. ಇಬ್ಬರು ಹಿಡಿದು ಕೂರಿಸಿದೆವು. ಬಾಳೆಹಣ್ಣು ಸುಲಿದು ಬಾಯಿಗೆ ಕೊಟ್ಟರೆ ತುಟಿ ಬಿಗಿದರು. ಪ್ರಜ್ಞೆ ಅರ್ಧ ಹೋಗಿದ್ದರೂ "ರಾತ್ರಿಯಾಯಿತು" ಎಂಬ ಮಾತು ಮಾತ್ರ ಸ್ಪಷ್ಟವಾಗಿ ಬಂತು. ಅಡಿಕೆಯವರು ಹಿಂಜರಿದರು. "ನಲವತ್ತು ವರ್ಷದ್ದು, ನಾವು ಮುರಿಯುವುದು ಹೇಗೆ?" ಎಂದು ನಮ್ಮ ಮುಖ ನೋಡಿದರು. ಸುಳ್ಳು ಹೇಳಬಾರದು, ನಮಗೂ ಒಂದು ಗಳಿಗೆ ಕೈ ಏಳಲಿಲ್ಲ. ಆಗ ಆ ಹುಡುಗ ವ್ಯಾನಿನ ಮುಂದಿನ ಗೂಡಿನಿಂದ ಒಂದು ಗ್ಲೂಕೋಸ್ ಪೊಟ್ಟಣ ತೆಗೆದು ತಂದ. "ಅಮ್ಮ ಬೆಳಿಗ್ಗೆ ನನ್ನ ಕೈಯಲ್ಲಿ ಕೊಟ್ಟದ್ದು. ಅವರು ಬೇಡ ಅಂದ್ರೂ ಕೊಡು, ನಾನು ಹೇಳಿದ್ದೇನೆ ಅಂತ ಹೇಳು ಅಂದಿದ್ದಾರೆ" ಎಂದ. ನೀರಿನಲ್ಲಿ ಕಲಸುತ್ತಾ, "ನಮಗೂ ನೋಂಬು ಉಂಟು ಸಾರ್. ಕಾಯಿಲೆಯವರಿಗೆ ಬಿಡುವು ಉಂಟು" ಎಂದ.

ಮಾಸ್ತರರು ತಲೆ ಹಿಡಿದರು, ನಾವು ಲೋಟ ಹಿಡಿದೆವು. "ಮನೆಯವರು ಕಳಿಸಿದ ಮದ್ದು, ಕುಡಿ ಮಾರಾಯ" ಎಂದೆವು. ಕುಡಿದರು. ಅರ್ಧ ಅಂಗಿಯ ಮೇಲೆ ಚೆಲ್ಲಿತು, ಮತ್ತೊಂದು ಲೋಟ ಮಾಡಿ ಕೊಟ್ಟೆವು. ಹತ್ತು ಹದಿನೈದು ನಿಮಿಷದಲ್ಲಿ ಕಣ್ಣು ತಿಳಿಯಾಯಿತು. ಮೊದಲು ಆಕಾಶ ನೋಡಿದರು. ನಕ್ಷತ್ರ ಬಂದಿತ್ತು. ಏನೂ ಮಾತಾಡಲಿಲ್ಲ.

ಕಾರ್ಕಳದಲ್ಲಿ ಒಬ್ಬ ವೈದ್ಯರಿಗೆ ತೋರಿಸಿದೆವು. ಅಪಾಯ ಕಳೆದಿದೆ, ಆದರೆ ಗ್ಲೂಕೋಸ್ ಮಾತ್ರ ಸಾಲದು, ಏನಾದರೂ ತಿನ್ನಲೇಬೇಕು, ಆ ಗುಳಿಗೆ ರಾತ್ರಿಯಿಡೀ ಕೆಲಸ ಮಾಡುತ್ತದೆ ಎಂದು ಅವರು ಖಂಡಿತವಾಗಿ ಹೇಳಿದರು. ಜವಳಿಯವರು ಬಹಳ ಹೊತ್ತು ತಲೆ ತಗ್ಗಿಸಿ ಕುಳಿತು, ಮನೆಗೆ ಫೋನು ಮಾಡಿ ನಾಲ್ಕು ಮಾತಾಡಿ, ಆಮೇಲೆ ಕೈಮುಗಿದು ಎರಡು ಬಾಳೆಹಣ್ಣು ತಿಂದರು. ನಾವು ಉಳಿದ ನಾಲ್ವರು ಆ ರಾತ್ರಿ ಏನೂ ತಿನ್ನಲಿಲ್ಲ. ಯಾರೂ ಹೇಳಿದ್ದಲ್ಲ. ಬ್ಯಾಂಕಿನವರೂ ತಿನ್ನಲಿಲ್ಲ.

ಮನೆ ಮುಟ್ಟುವಾಗ ಹತ್ತು ಗಂಟೆ. ಅವರ ಮನೆಯವರು ಬಾಗಿಲಲ್ಲಿ ನಿಂತಿದ್ದರು. ನಮ್ಮನ್ನು ಏನೂ ಅನ್ನಲಿಲ್ಲ, ಹುಡುಗನನ್ನು ಮಾತ್ರ ಒಳಗೆ ಕರೆದರು.

ಮರುವಾರ ಜವಳಿಯವರು ಗುರುಗಳಲ್ಲಿಗೆ ಹೋಗಿ ಬಂದರು. ಏನು ಪ್ರಾಯಶ್ಚಿತ್ತ ಕೊಟ್ಟರೆಂದು ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಈಗ ಸಂಜೆ ಐದಕ್ಕೇ ಅಂಗಡಿಯಿಂದ ಏಳುತ್ತಾರೆ, ಊಟ ಬಡಿಸಿದ ಮೇಲೆಯೇ ಗುಳಿಗೆ. ಪ್ರವಾಸದ ಖರ್ಚನ್ನು ಐದು ಪಾಲು ಮಾಡಿ ಚೀಟಿ ಕೊಟ್ಟಾಗ ತಮ್ಮ ಪಾಲನ್ನು ಎಣಿಸಿ ಕೊಟ್ಟು, ಚೀಟಿಯನ್ನು ಮತ್ತೊಮ್ಮೆ ಓದಿ, "ಗ್ಲೂಕೋಸ್ ಬಿಟ್ಟುಹೋಗಿದೆ" ಎಂದರು. ಅದು ಅವರ ಮನೆಯದ್ದು, ನಮ್ಮ ಲೆಕ್ಕಕ್ಕೆ ಬರುವುದಿಲ್ಲ ಎಂದೆವು.

ಬರುವ ಮಾಘದಲ್ಲಿ ವರಂಗಕ್ಕೆ ಮಾತ್ರ ಹೋಗುವುದೆಂದು ಮಾತಾಗಿದೆ. ಬೆಳಿಗ್ಗೆ ಹೋಗಿ, ಮಧ್ಯಾಹ್ನ ಅಲ್ಲೇ ಉಂಡು, ಬಿಸಿಲಿರುವಾಗ ಹಿಂದಿರುಗುವುದು. ವ್ಯಾನಿಗೆ ಅದೇ ಹುಡುಗನೇ ಬೇಕೆಂದು ಜವಳಿಯವರು ಈಗಲೇ ಮುಂಗಡ ಕೊಟ್ಟು ಬಂದಿದ್ದಾರೆ.